ಗಿನಿಪಿಗ್‌ಗೆ ಮೊಲದ ಆಹಾರ ಸಾಕಾಗುತ್ತದೆಯೇ?

ಮೊಲ ಸಾಕಿದ ಅನುಭವವಿದೆ, ಈಗ ಮಗಳಿಗಾಗಿ ಒಂದು ಗಿನಿಪಿಗ್ ತಂದು ಮೊಲದ ಜೊತೆಯಲ್ಲೇ ಬಿಟ್ಟು ಅದೇ ಆಹಾರ ಹಾಕಿದರೆ ಆದೀತೇ ಎಂದು ಕೇಳಿದ್ದೀರಿ. ಆಗುವುದಿಲ್ಲ. ಕೋಲಾರದ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಗಿನಿಪಿಗ್‌ಗಳಿವೆ. ನಾನೂ ಮೊದಲು ಇದೇ ತಪ್ಪು ಮಾಡಿದವನಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ನಾವು ತಂದ ಮೊದಲ ಜೋಡಿಗೆ ಮೊಲದ ಪೆಲೆಟ್ (ಒತ್ತಿ ಮಾಡಿದ ಆಹಾರದ ಗುಳಿಗೆ) ಮತ್ತು ಒಣಗಿದ ರಾಗಿ ಹುಲ್ಲನ್ನು ಮಾತ್ರ ಹಾಕುತ್ತಿದ್ದೆವು. ಕೆಲವು ವಾರಗಳಲ್ಲಿ ಒಂದು ಓಡಾಟ ನಿಲ್ಲಿಸಿ ಮೂಲೆಯಲ್ಲಿ ಮುದುಡಿ ಕೂರತೊಡಗಿತು. ಹಿಂಗಾಲಿನ ಕೀಲು ಊದಿ, ಎತ್ತಿಕೊಂಡರೆ ಕಿರುಚುತ್ತಿತ್ತು. ಪಶುವೈದ್ಯರು ಅದು ಸಿ ಜೀವಸತ್ವದ ಕೊರತೆಯಿಂದ ಬರುವ ಸ್ಕರ್ವಿ ಎಂದರು. ಮೊಲದ ದೇಹ ಆ ಜೀವಸತ್ವವನ್ನು ತಾನೇ ತಯಾರಿಸಿಕೊಳ್ಳುತ್ತದೆ, ಗಿನಿಪಿಗ್‌ಗೆ ನಮ್ಮ ಹಾಗೆಯೇ ಆ ಶಕ್ತಿಯಿಲ್ಲ. ಒಂದು ಕಿಲೋ ತೂಕದ ಪ್ರಾಣಿಗೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು. ನಾವು ಈಗ ದಿನವೂ ಒಂದೊಂದಕ್ಕೆ ದಪ್ಪಮೆಣಸಿನಕಾಯಿಯ ಒಂದು ಹೋಳು ಮತ್ತು ಸ್ವಲ್ಪ ಕೊತ್ತಂಬರಿ ಸೊಪ್ಪು ಕೊಡುತ್ತೇವೆ, ಸೀಬೆಹಣ್ಣು ವಾರಕ್ಕೊಂದೆರಡು ಬಾರಿ ಚೂರು ಮಾತ್ರ. ಬೆಳಿಗ್ಗೆ ಸೊಪ್ಪಿನ ಕವರ್ ಸರಸರ ಎಂದರೆ ಸಾಕು, ಎರಡೂ ಹಿಂಗಾಲ ಮೇಲೆ ನಿಂತು ಬೀದಿಗೆ ಕೇಳುವಂತೆ ಸೀಟಿ ಹಾಕುತ್ತವೆ. ನಮ್ಮದು ಟೊಮೆಟೊ ಸೀಮೆಯಾದ್ದರಿಂದ ಒಂದು ಎಚ್ಚರಿಕೆ: ಮಾಗಿದ ಹಣ್ಣಿನ ಚೂರು ಕೊಡಬಹುದು, ಆದರೆ ಅದರ ಎಲೆ, ಕಾಂಡ, ತೊಟ್ಟು ವಿಷ.

ಇದಕ್ಕಿಂತ ಹೆಚ್ಚಿನ ಪಾಲು ಹುಲ್ಲಿನದ್ದು. ಗಿನಿಪಿಗ್‌ನ ಹಲ್ಲುಗಳು ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಹಗಲಿರುಳು ಹುಲ್ಲು ಅಗಿದರಷ್ಟೇ ಅವು ಸವೆಯುತ್ತವೆ, ಕರುಳೂ ಸರಿಯಾಗಿ ನಡೆಯುತ್ತದೆ. ಒಣಹುಲ್ಲು ಸದಾ ಮುಂದಿರಲಿ, ಜೊತೆಗೆ ಹಸಿ ಗರಿಕೆಯನ್ನು ಕೊಡಿ. ಆದರೆ ಔಷಧಿ ಹೊಡೆದ ತೋಟದ ಬದುವಿನದನ್ನು ಮಾತ್ರ ಕಿತ್ತು ತರಬೇಡಿ. ಕುದುರೆ ಮೆಂತೆಯ ಸೊಪ್ಪಿನಲ್ಲಿ ಸುಣ್ಣದ ಅಂಶ ಹೆಚ್ಚು, ಅದು ದಿನವೂ ದೊಡ್ಡವುಗಳ ಹೊಟ್ಟೆಗೆ ಹೋದರೆ ಮೂತ್ರಕೋಶದಲ್ಲಿ ಕಲ್ಲಾಗಬಹುದು.

ಒಂದನ್ನೇ ಸಾಕಬೇಡಿ, ಇವು ಗುಂಪಿನಲ್ಲಿ ಬಾಳುವ ಪ್ರಾಣಿಗಳು. ಎರಡು ಹೆಣ್ಣುಗಳನ್ನು ತರುವುದು ಸುಲಭದ ದಾರಿ. ಅಂಗಡಿಯವರ ಮಾತು ನಂಬಿ ಗಂಡು ಹೆಣ್ಣು ಎರಡೂ ತಂದರೆ ಸುಮಾರು 65 ದಿನಗಳಲ್ಲಿ, ಕಣ್ಣು ಬಿಟ್ಟುಕೊಂಡೇ ಹುಟ್ಟುವ ಮರಿಗಳು ಗೂಡಿನಲ್ಲಿ ಓಡಾಡುತ್ತಿರುತ್ತವೆ. ಮೊಲದ ಜೊತೆ ಬಿಡುವುದು ಅಪಾಯ: ಮೊಲ ಒದ್ದರೆ ಮೂಳೆ ಮುರಿಯಬಹುದು, ಮೊಲದಿಂದ ಉಸಿರಾಟದ ಸೋಂಕೂ ತಗಲಬಹುದು. ಎರಡು ಗಿನಿಪಿಗ್‌ಗಳಿಗೆ ಕನಿಷ್ಠ ಮೂರಡಿ ಉದ್ದ, ಎರಡೂವರೆ ಅಡಿ ಅಗಲದ ನೆಲ ಬೇಕು. ಮೊಲದ ಗೂಡಿನ ತಂತಿಬಲೆಯ ತಳದ ಮೇಲೆ ಪಾದ ಹುಣ್ಣಾಗುತ್ತದೆ.

ಬೇಸಿಗೆಯಲ್ಲಿ ಮನೆಯ ಅತಿ ತಣ್ಣನೆಯ ಕೋಣೆಯಲ್ಲಿಡಿ. 27 ಡಿಗ್ರಿ ದಾಟಿದರೆ ಇವಕ್ಕೆ ಕಷ್ಟ. ಏಪ್ರಿಲ್ ಮಧ್ಯಾಹ್ನ ಶೀಟಿನ ಮಾಡಿನ ಕೆಳಗೆ ಬಿಟ್ಟರೆ ಉಳಿಯುವುದು ಕಷ್ಟ. ಬಾಯಿ ಒಡೆದ ಹಳೆಯ ಮಡಕೆಯೊಂದನ್ನು ನಾವು ಅಡ್ಡ ಮಲಗಿಸಿ, ಮೇಲೆ ಒದ್ದೆ ಗೋಣಿ ಹಾಕುತ್ತೇವೆ. ಸಂಜೆಯವರೆಗೆ ಎರಡೂ ಅದರೊಳಗೇ.

ಅರ್ಧ ದಿನ ಏನೂ ತಿನ್ನದಿದ್ದರೆ ಕಾಯದೆ ವೈದ್ಯರ ಬಳಿ ಒಯ್ಯಿರಿ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಮಾತ್ರೆಯನ್ನು ಪುಡಿಮಾಡಿ ಕುಡಿಸುವ ಸಾಹಸ ಬೇಡ, ಪೆನಿಸಿಲಿನ್ ಜಾತಿಯ ಔಷಧಿಗಳು ಗಿನಿಪಿಗ್‌ನ ಕರುಳನ್ನು ಕೆಡಿಸಿ ಕೊಲ್ಲಬಲ್ಲವು.