ತಂತಿಯ ಮೇಲೆ ಕೂರದ ಹಕ್ಕಿ

ನಮಸ್ಕಾರ,

ಜೋಗದ ಆಲ್ಪೈನ್ ಸ್ವಿಫ್ಟ್ ಹಕ್ಕಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಹಾಗಂತ ವಾಪಸ್ ಕಳಿಸಿ ಸುಮ್ಮನಿರಲೂ ಮನಸ್ಸಿಲ್ಲ.

ಮೊದಲ ಎರಡು ಪುಟ ಪೂರ್ತಿ ಜಲಪಾತದ ವರ್ಣನೆ. ರಾಜ, ರಾಣಿ, ರೋರರ್, ರಾಕೆಟ್ ಎಲ್ಲ ನಮ್ಮ ಓದುಗರಿಗೆ ಗೊತ್ತು. ತೆಗೆದುಬಿಡಿ. ಹಕ್ಕಿ ಬರುವುದೇ ಮೂರನೇ ಪುಟಕ್ಕೆ. ಅದೂ ಹೇಗೆ? 'ಕರೆಂಟ್ ತಂತಿಯ ಮೇಲೆ ಕೂತು ನನ್ನನ್ನೇ ನೋಡುತ್ತಿತ್ತು.' ಅಲ್ಲಿಗೆ ನನ್ನ ನಂಬಿಕೆ ಹೋಯಿತು. ಸ್ವಿಫ್ಟ್ ತಂತಿಯ ಮೇಲೆ ಕೂರುವುದಿಲ್ಲ. ಕಾಲು ತೀರಾ ಗಿಡ್ಡ. ಬೆರಳುಗಳು ಬಂಡೆಗೆ ಉಗುರು ಸಿಕ್ಕಿಸಿ ಜೋತುಬೀಳಲು ಇರುವಂಥವು. ನೀವು ನೋಡಿದ್ದು ನೋಡಲು ಇದರ ಹಾಗೇ ಇರುವ ಸ್ವಾಲೋ ಎಂಬ ಬೇರೆ ಹಕ್ಕಿ ಇರಬೇಕು.

ಕೊಂಬೆ ಮೇಲೆ ಕೂರಲಾಗದ ಹಕ್ಕಿ ಬದುಕುವುದು ಹೇಗೆ? ಲೇಖನ ಹೇಳಬೇಕಾದ್ದೇ ಅದನ್ನು, ಅಲ್ವಾ? ಹಾರುತ್ತಲೇ ಹುಳ ಹಿಡಿಯುತ್ತದೆ, ಹಾರುತ್ತಲೇ ನೀರು ಕುಡಿಯುತ್ತದೆ. ಗಾಳಿಯಲ್ಲಿ ತೇಲಿ ಬರುವ ಗರಿ, ಒಣಹುಲ್ಲನ್ನು ಬಾಯಲ್ಲಿ ಹಿಡಿದು ಒಯ್ದು, ಎಂಜಲು ಹಚ್ಚಿ ಬಂಡೆಯ ಬಿರುಕಿನಲ್ಲಿ ಗೂಡು ಕಟ್ಟುತ್ತದೆ. ಇದೊಂದೂ ನಿಮ್ಮ ಬರಹದಲ್ಲಿಲ್ಲ. 'ಗಗನದ ರಾಣಿ' ಮಾತ್ರ ನಾಲ್ಕು ಸಲ ಬಂದಿದ್ದಾಳೆ!

ರೂಪಕ್ಕೆ 'ಮನಮೋಹಕ' ಅಂದು ಮುಗಿಸಿದ್ದೀರಿ. ನವಿಲಿಗೂ ಅದೇ ಮಾತು ಹೇಳಬಹುದು. ಮೈ ಸುಮಾರು 22 ಸೆಂ.ಮೀ. ಉದ್ದ. ಕುಡುಗೋಲಿನಂಥ ರೆಕ್ಕೆ ಬಿಚ್ಚಿದರೆ ಅರ್ಧ ಮೀಟರ್‌ಗಿಂತ ಜಾಸ್ತಿ. ಬೆನ್ನು ಕಂದು, ಗಂಟಲು ಬಿಳಿ, ಹೊಟ್ಟೆ ಬಿಳಿ, ಇವೆರಡರ ನಡುವೆ ಎದೆಗೆ ಅಡ್ಡವಾಗಿ ಕಂದು ಪಟ್ಟಿ. ಆ ಪಟ್ಟಿಯನ್ನು ಬರೆಯಿರಿ, ಓದಿದವರು ಜೋಗಕ್ಕೆ ಹೋದಾಗ ಹಕ್ಕಿಯನ್ನು ತಾವೇ ಗುರುತಿಸುತ್ತಾರೆ.

'ಆರು ತಿಂಗಳು ನೆಲ ಮುಟ್ಟದ ವಿಶ್ವದಾಖಲೆ' ಎಂದಿದ್ದೀರಿ. ಆ ಮಾತಿಗೆ ಮೂಲವಾದ 2013ರ ಅಧ್ಯಯನ ಸ್ವಿಟ್ಜರ್ಲೆಂಡಿನಲ್ಲಿ ಮರಿ ಮಾಡಿ, ಚಳಿಗಾಲಕ್ಕೆ ಪಶ್ಚಿಮ ಆಫ್ರಿಕಾಕ್ಕೆ ಹೋಗುವ ಹಕ್ಕಿಗಳದ್ದು. ಅದನ್ನು ಜೋಗದ ಹಕ್ಕಿಯ ತಲೆಗೆ ಕಟ್ಟಬೇಡಿ. ದಾಖಲೆಯೂ ಈಗ ಇದರ ಹೆಸರಿನಲ್ಲಿಲ್ಲ. ಇದರದೇ ಬಳಗದ ಕಾಮನ್ ಸ್ವಿಫ್ಟ್ ಹತ್ತು ತಿಂಗಳು ಹಾರುತ್ತಲೇ ಇರಬಲ್ಲದು ಎಂದು 2016ರಲ್ಲಿ ಸ್ವೀಡನ್ನಿನ ಸಂಶೋಧಕರು ತೋರಿಸಿದ್ದಾರೆ.

ಒಂದು ಸಾಲು ಮಾತ್ರ ನನಗೆ ಬಹಳ ಹಿಡಿಸಿತು: 'ಕತ್ತಲಾಗುವ ಹೊತ್ತಿಗೆ ಗುಂಪು ಕಿರುಚುತ್ತಾ ಬಂದು, ಬೀಳುವ ನೀರನ್ನು ಸೀಳಿಕೊಂಡು ಹಿಂದಿನ ಬಂಡೆಗೆ ಹೋಯಿತು.' ಇದು ನೀವು ಕಣ್ಣಾರೆ ಕಂಡದ್ದು, ಓದಿದರೆ ಗೊತ್ತಾಗುತ್ತದೆ. ಇಲ್ಲಿಂದಲೇ ಶುರು ಮಾಡಿ. ಎರಡು ಪುಟ ಸಾಕು.

ಫೋಟೋ ಬದಲಿಸಬೇಕು. ಅದರಲ್ಲಿರುವ ಹಕ್ಕಿಯ ಹೊಟ್ಟೆ ಕಪ್ಪು, ಬಾಲದ ಬುಡ ಬಿಳಿ. ಅದು ಸೇತುವೆಗಳ ಅಡಿಯಲ್ಲಿ, ಹಳೇ ಕಟ್ಟಡಗಳ ಸೂರಿನಲ್ಲಿ ಗೂಡು ಕಟ್ಟುವ ಹೌಸ್ ಸ್ವಿಫ್ಟ್. ಬೇರೆ ಇಲ್ಲದಿದ್ದರೆ ಬರಹ ಮಾತ್ರ ಕಳಿಸಿ.

ಇಂತಿ,
ಸಂಪಾದಕ