ಓಟಕ್ಕೆ ಮೊದಲು ನಿಲುಗಡೆ

ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಕಾರು ಓಡಿಸಲಾಗದವರು, ಮುಳ್ಳಯ್ಯನಗಿರಿ ದಾರಿಯ ಕೈಮರ ದಾಟಿ ಮೇಲಕ್ಕೆ ಸ್ಕೂಟರ್ ಏರಿಸಲಾಗದವರು, ವೇದಿಕೆ ಹತ್ತಿದರೆ ನಾಲಿಗೆ ಒಣಗುವವರು ಆತಂಕಕ್ಕೆ ಮಾತಿನ ಚಿಕಿತ್ಸೆ ಕೊಡುವ ನನ್ನಲ್ಲಿಗೆ ವರ್ಷವಿಡೀ ಬರುತ್ತಾರೆ. ಎಲ್ಲರ ಬೇಡಿಕೆಯೂ ಒಂದೇ: ಮೊದಲು ಭಯ ಹೋಗಲಿ, ಆಮೇಲೆ ಕೆಲಸ ಮಾಡುತ್ತೇನೆ. ಇವರಲ್ಲಿ ಒಬ್ಬರ ಕಥೆಯನ್ನು ಬರೆಯುತ್ತಿರುವುದಕ್ಕೆ ಎರಡು ಕಾರಣಗಳಿವೆ. ಉಳಿದವರು ಮಾತಿನಲ್ಲಿ ಮುಚ್ಚಿಡುವುದು ಕುದುರೆಯ ಬೆನ್ನಿನ ಮೇಲೆ ಬಯಲಾಗುತ್ತದೆ ಎಂಬುದು ಒಂದು. ನಾನು ಕೊಟ್ಟ ಸಲಹೆಯನ್ನು ಆಕೆಯ ಮನೆಯವರೂ ಸವಾರಿ ಕಲಿಸುವವರೂ ಆರಂಭದಲ್ಲಿ ಒಪ್ಪಲಿಲ್ಲ ಎಂಬುದು ಇನ್ನೊಂದು. ಅವರಿಗೆ ಆಗ ಹೇಳಿದ್ದಕ್ಕಿಂತ ಹೆಚ್ಚು ವಿವರವಾಗಿ ಇಲ್ಲಿ ಹೇಳಬೇಕಿದೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಆಕೆ ಓದಿ ಒಪ್ಪಿದ್ದಾರೆ.

ನಲವತ್ತರ ಆಸುಪಾಸಿನ ಮಹಿಳೆ, ಚಿಕ್ಕಮಗಳೂರಿನಲ್ಲೇ ನೌಕರಿ. ಮಗಳನ್ನು ಸವಾರಿ ತರಗತಿಗೆಂದು ಊರ ಹೊರಗಿನ ಕಾಫಿ ತೋಟವೊಂದಕ್ಕೆ ಕರೆದುಕೊಂಡು ಹೋಗುತ್ತಿದ್ದವರು, ಬೇಲಿಯಾಚೆ ಕೂತು ಮೊಬೈಲ್ ನೋಡುವುದು ಬೇಸರವಾಗಿ ತಾವೂ ಸೇರಿಕೊಂಡರು. ನಡಿಗೆ ಬಂತು. ಕುಕ್ಕುಲೋಟವೂ ಬಂತು. ಕುಕ್ಕುಲೋಟಕ್ಕಿಂತ ವೇಗದ ಓಟವಾದ ಕ್ಯಾಂಟರ್ ಆರಂಭವಾದ ಹೊಸದರಲ್ಲಿ ಎಡ ಸುತ್ತಿನ ಮೂಲೆಯಲ್ಲಿ ಕುದುರೆ ತಿರುಗಿತು, ಇವರು ತಿರುಗಲಿಲ್ಲ. ಭುಜ ನೀಲಿಗಟ್ಟಿತು, ಮೂಳೆಗೆ ಏನೂ ಆಗಲಿಲ್ಲ. ಅಂದಿನಿಂದ ತರಗತಿಯ ದಿನ ಬೆಳಿಗ್ಗೆಯೇ ಹೊಟ್ಟೆ ಕೆಡುವುದು, ಲಾಯದ ಬಾಗಿಲಲ್ಲಿ ಕೈ ನಡುಗುವುದು ಶುರುವಾಯಿತು.

ಬಿದ್ದ ದಿನವೇ ಎಲ್ಲರೂ ಸೇರಿ ಅವರನ್ನು ಮತ್ತೆ ಹತ್ತಿಸಿದ್ದರು. ಬಿದ್ದವರು ತಕ್ಷಣ ಹತ್ತದಿದ್ದರೆ ಭಯ ಕೂತುಬಿಡುತ್ತದೆ ಎಂಬ ಮಾತನ್ನು ಕುದುರೆ ಮುಟ್ಟದವರೂ ಹೇಳುತ್ತಾರೆ. ನನಗೆ ಈ ಮಾತಿನ ಬಗ್ಗೆ ತಕರಾರಿದೆ. ಬಿದ್ದವರ ತಲೆ ಸುತ್ತುತ್ತಿದೆಯೇ, ವಾಕರಿಕೆ ಇದೆಯೇ, ಮಾತು ತಡವರಿಸುತ್ತಿದೆಯೇ ಎಂದು ಮೊದಲು ನೋಡಬೇಕು. ತಲೆಗೆ ಪೆಟ್ಟು ಬಿದ್ದಿದ್ದರೆ ಆ ದಿನ ಮತ್ತೆ ಹತ್ತುವ ಮಾತೇ ಇಲ್ಲ. ಹೆಲ್ಮೆಟ್ಟನ್ನೂ ಬದಲಿಸಬೇಕು, ಏಕೆಂದರೆ ಹೊಡೆತ ಹೀರಿಕೊಂಡ ಒಳಪದರ ಎರಡನೆಯ ಸಲ ಅದೇ ಕೆಲಸ ಮಾಡುವುದಿಲ್ಲ. ಇದೆಲ್ಲ ಸರಿಯಿದ್ದರೂ, ಹಲ್ಲು ಕಚ್ಚಿ ಹತ್ತಿ ಹಲ್ಲು ಕಚ್ಚಿ ಇಳಿದ ದೇಹ ಕಲಿಯುವ ಪಾಠ ಒಂದೇ: ಹಲ್ಲು ಕಚ್ಚಿದ್ದರಿಂದ ಬದುಕಿದೆ. ಮುಂದಿನ ಸಲ ಅದು ಇನ್ನಷ್ಟು ಕಚ್ಚುತ್ತದೆ.

ಮೊದಲ ಭೇಟಿಯಲ್ಲಿ ಆಕೆ ಕೇಳಿದ್ದು ಮಾತ್ರೆ. ತರಗತಿಗೆ ಅರ್ಧ ಗಂಟೆ ಮೊದಲು ನುಂಗುವಂಥದ್ದು ಏನಾದರೂ ಇದ್ದರೆ ವೈದ್ಯರಿಂದ ಬರೆಸಿಕೊಡಿ ಎಂದರು. ಆತಂಕ ತಗ್ಗಿಸುವ ನಿದ್ರಾಜನಕ ಮಾತ್ರೆಗಳು ಸಮತೋಲನವನ್ನೂ ಪ್ರತಿಕ್ರಿಯೆಯ ವೇಗವನ್ನೂ ತಗ್ಗಿಸುತ್ತವೆ. ಗಂಟೆಗೆ ಇಪ್ಪತ್ತು ಕಿಲೋಮೀಟರಿಗೂ ಮೀರಿ ಹೋಗಬಲ್ಲ ಪ್ರಾಣಿಯ ಮೇಲೆ ಕೂರುವವರಿಗೆ ಬೇಕಾದದ್ದು ಇವೆರಡೇ. ಹಾಗಾಗಿ ಆ ವಿಷಯ ಅಲ್ಲಿಗೇ ಮುಗಿಯಿತು.

ಎರಡನೆಯ ಭೇಟಿಯಲ್ಲಿ ಇನ್ನೊಂದು ಚಿಂತೆ ಹೊರಬಂತು. ಸವಾರನ ಭಯ ಕುದುರೆಗೆ ಗೊತ್ತಾಗುತ್ತದೆ, ಆದ್ದರಿಂದ ಹೆದರಬೇಡಿ ಎಂದು ಯಾರೋ ಉಪದೇಶಿಸಿದ್ದರು. ಈಗ ಆಕೆಗೆ ಹೆದರುವುದೆಂದರೂ ಹೆದರಿಕೆ. ಆ ಮಾತಿನಲ್ಲಿ ಸತ್ಯಾಂಶವಿದೆ. 2009ರಲ್ಲಿ ಪ್ರಕಟವಾದ ಸ್ವೀಡನ್ನಿನ ಅಧ್ಯಯನವೊಂದರಲ್ಲಿ, ಕುದುರೆಯೊಂದಿಗೆ ಹೋಗುತ್ತಿದ್ದವರಿಗೆ ಮುಂದಿನ ಸುತ್ತಿನಲ್ಲಿ ಪಕ್ಕದಲ್ಲಿ ಫಕ್ಕನೆ ಕೊಡೆ ಬಿಚ್ಚುತ್ತಾರೆ ಎಂದು ಹೇಳಲಾಗಿತ್ತು. ಕೊಡೆ ಬಿಚ್ಚಲೇ ಇಲ್ಲ. ಆದರೂ ಮನುಷ್ಯರ ಎದೆಬಡಿತದೊಂದಿಗೆ ಕುದುರೆಗಳ ಎದೆಬಡಿತವೂ ಏರಿತು. ಆದರೆ ಹೆದರಬೇಡಿ ಎಂಬುದು ಯಾರೂ ಪಾಲಿಸಬಲ್ಲ ಆಜ್ಞೆಯಲ್ಲ. ಪಾಲಿಸಬಲ್ಲದ್ದು ಏನಿದೆ ಎಂದು ಹುಡುಕಲು ಮೂರನೆಯ ಭೇಟಿಯವರೆಗೆ ಕಾಯಬೇಕಾಯಿತು.

ನನಗೆ ಸವಾರಿ ಬರುವುದಿಲ್ಲ. ಈ ಪ್ರಕರಣದಲ್ಲಿ ಅದು ಅನುಕೂಲವೇ ಆಯಿತು, ಎಲ್ಲವನ್ನೂ ಆಕೆಯೇ ನನಗೆ ಕಲಿಸಬೇಕಾಯಿತು. ಕೈಯಿಲ್ಲದ ಮರದ ಕುರ್ಚಿಯೊಂದನ್ನು ಹಿಂದುಮುಂದಾಗಿ ತಿರುಗಿಸಿ, ಅದರ ಮೇಲೆ ಕೂತು, ಕ್ಯಾಂಟರ್ ಎಂದು ಕೂಗಿದ ಕ್ಷಣದಿಂದ ನಿಮ್ಮ ದೇಹ ಏನೇನು ಮಾಡುತ್ತದೋ ನಿಧಾನವಾಗಿ ತೋರಿಸಿ ಎಂದೆ. ಆಕೆ ಕೂತರು. ಮಂಡಿಗಳು ಕುರ್ಚಿಯ ಬೆನ್ನನ್ನು ಇಕ್ಕಳದಂತೆ ಹಿಡಿದವು. ಹಿಮ್ಮಡಿ ಮೇಲಕ್ಕೆದ್ದಿತು. ಇಲ್ಲದ ಲಗಾಮು ಎದೆಯವರೆಗೆ ಬಂತು. ಭುಜಗಳು ಕಿವಿಗೆ ತಾಗುವಂತಾದವು, ಕಣ್ಣು ನೆಲಕ್ಕೆ ಅಂಟಿತು. ಉಸಿರು ನಿಂತೇಹೋಗಿತ್ತು. ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಆಕೆಯೇ ತಮ್ಮ ಮಂಡಿಯನ್ನು ನೋಡಿಕೊಂಡು ನಕ್ಕರು. "ಹೀಗೆ ಕೂತರೆ ಈ ಕುರ್ಚಿಯೂ ಓಡಿಹೋಗುತ್ತದೆ."

ಏಕೆ ಎಂದು ಕೇಳಿದೆ. ವಿವರಿಸಿದರು, ಅದೂ ಚೆನ್ನಾಗಿ. ಮಂಡಿ ಬಿಗಿದರೆ ಸವಾರ ಜೀನಿನಿಂದ ಮೇಲಕ್ಕೆ ತಳ್ಳಲ್ಪಡುತ್ತಾನೆ. ಮೇಲಕ್ಕೆದ್ದ ಹಿಮ್ಮಡಿ ಹಿಂದೆ ಸರಿದು ಕುದುರೆಯ ಪಕ್ಕೆಯನ್ನು ಒತ್ತುತ್ತದೆ. ಕುದುರೆ ಕಲಿತ ಭಾಷೆಯಲ್ಲಿ ಆ ಒತ್ತಡಕ್ಕೆ 'ಇನ್ನೂ ಜೋರಾಗಿ' ಎಂದೇ ಅರ್ಥ. ಅದು ಜೋರಾಗುತ್ತದೆ. ಸವಾರ ಲಗಾಮನ್ನೇ ಆಧಾರವಾಗಿ ಎಳೆಯುತ್ತಾನೆ, ಕಡಿವಾಣ ಬಾಯಿಗೆ ಒತ್ತುತ್ತದೆ, ಕುದುರೆ ತಲೆ ಎತ್ತಿ ಬೆನ್ನು ಬಿಗಿಯುತ್ತದೆ, ಕುಲುಕಾಟ ಹೆಚ್ಚುತ್ತದೆ, ಸವಾರ ಇನ್ನಷ್ಟು ಬಿಗಿಯುತ್ತಾನೆ. ಬೀಳದಿರಲು ಮಾಡುವ ಪ್ರತಿಯೊಂದು ಕೆಲಸವೂ ಬೀಳಿಸುವತ್ತಲೇ ಒಯ್ಯುತ್ತದೆ. ಆತಂಕದ ಬಗ್ಗೆ ನಾನು ಬೇರೆಯವರಿಗೆ ಗಂಟೆಗಟ್ಟಲೆ ಹೇಳುವುದನ್ನು ಆಕೆ ಕುರ್ಚಿಯ ಮೇಲೆ ಕೂತೇ ಹೇಳಿ ಮುಗಿಸಿದ್ದರು.

ಹಾಗಾದರೆ ಬೀಳುವುದೇ ನಿಮ್ಮ ಭಯವೇ ಎಂದೆ. ಉತ್ತರ ಬರಲು ತಡವಾಯಿತು. "ಬೀಳುವುದಲ್ಲ. ಬಿದ್ದಾಯಿತಲ್ಲ, ಅದು ಹೇಗಿರುತ್ತದೆ ಎಂದು ಗೊತ್ತು. ಓಟ ಶುರುವಾದ ಮೇಲೆ ಯಾವಾಗ ಮುಗಿಯಬೇಕು ಎನ್ನುವುದು ನನ್ನ ಕೈಯಲ್ಲಿಲ್ಲ. ಸರ್ ನಿಲ್ಲಿಸಿ ಎನ್ನುವವರೆಗೆ, ಇಲ್ಲ ಕುದುರೆಗೇ ಸಾಕಾಗುವವರೆಗೆ, ನಾನು ಮೇಲೆ ಸುಮ್ಮನೆ ಕೂತಿರಬೇಕು." ನೀವಾಗಿ ಎಷ್ಟು ಸಲ ನಿಲ್ಲಿಸಿದ್ದೀರಿ ಎಂದು ಕೇಳಿದೆ. ಒಂದು ಸಲವೂ ಇಲ್ಲ.

ಇದರಲ್ಲಿ ಆಶ್ಚರ್ಯವೇನಿಲ್ಲ. ಹಳೇಬೀಡಿನ ಗೋಡೆಯ ಪಟ್ಟಿಕೆಯಲ್ಲಿ ಸಾಲುಸಾಲಾಗಿ ಕುದುರೆಯೇರಿದವರನ್ನು ನೋಡಿ ಬೆಳೆದವರು ನಾವು. ಕುದುರೆ ನಿಲ್ಲಿಸುವ ಭಂಗಿಯನ್ನು ಕೆತ್ತಿಸಿಕೊಳ್ಳಬೇಕೆಂದು ಯಾವ ರಾಜನಿಗೂ ಅನ್ನಿಸಿರಲಿಕ್ಕಿಲ್ಲ.

ನನ್ನ ಸಲಹೆ ಅಲ್ಲಿಂದ ಹುಟ್ಟಿತು. ಕ್ಯಾಂಟರ್ ಅಭ್ಯಾಸವನ್ನು ಪಕ್ಕಕ್ಕಿಟ್ಟು ಮೊದಲು ಕುಕ್ಕುಲೋಟದಿಂದ ನಡಿಗೆಗೆ, ನಡಿಗೆಯಿಂದ ನಿಲುಗಡೆಗೆ ತರುವುದನ್ನು ತಾವೇ ಆರಿಸಿದ ಜಾಗದಲ್ಲಿ ಮಾಡುವುದು: ನೀಳವಾಗಿ ಉಸಿರು ಬಿಟ್ಟು, ನೆಟ್ಟಗೆ ಕೂತು, ಸೊಂಟದ ಚಲನೆ ನಿಲ್ಲಿಸಿ, ಲಗಾಮನ್ನು ಕ್ಷಣಕಾಲ ಬಿಗಿಹಿಡಿದು ಸಡಿಲಿಸುವುದು. ಅದು ಕೈಗೆ ಹತ್ತಿದ ಮೇಲೆ, ಶಿಕ್ಷಕರು ಕುದುರೆಗೆ ಕಟ್ಟಿದ ಉದ್ದದ ಲಂಜ್ ಹಗ್ಗ ಹಿಡಿದು ವೃತ್ತದ ನಡುವೆ ನಿಂತಿರುವಾಗ, ಐದೇ ಐದು ಹೆಜ್ಜೆ ಕ್ಯಾಂಟರ್ ಮಾಡಿ ತಾವೇ ಕೆಳಗಿನ ಓಟಕ್ಕೆ ಇಳಿಸುವುದು. ಹಗ್ಗ ಇನ್ನೊಬ್ಬರ ಕೈಯಲ್ಲಿದ್ದರೆ ದಾರಿಯ ಚಿಂತೆ ಇವರದ್ದಲ್ಲ, ದೇಹದ್ದಷ್ಟೇ. ಕುದುರೆಯ ಕೊರಳಿಗೆ ಒಂದು ಪಟ್ಟಿ ಕಟ್ಟಿಸಿ, ಹಿಡಿಯಲೇಬೇಕೆನ್ನಿಸಿದಾಗ ಲಗಾಮನ್ನು ಬಿಟ್ಟು ಅದನ್ನು ಹಿಡಿಯಲಿ. ಕಣ್ಣು ಕುದುರೆಯ ಕಿವಿಗಳ ನಡುವಿನಿಂದ ಆಚೆಗೆ, ಬೇಲಿಯಾಚೆಯ ಸಿಲ್ವರ್ ಓಕ್ ಮರಗಳತ್ತ ಇರಲಿ. ನೆಲವನ್ನೇ ನೋಡುವವರ ತಲೆ ಬಾಗುತ್ತದೆ, ತಲೆಯ ಹಿಂದೆ ಭುಜ, ಭುಜದ ಹಿಂದೆ ಇಡೀ ಮೈ.

ಉಸಿರಿನ ವಿಷಯಕ್ಕೆ ಆಕೆಯೇ ದಾರಿ ತೋರಿಸಿದರು. ಕ್ಯಾಂಟರ್ ಮೂರು ಪೆಟ್ಟಿನ ಓಟ, ಆ ಮೂರೂ ಸೇರಿದರೆ ಒಂದು ಹೆಜ್ಜೆ. ಬಲ ಸುತ್ತಿನಲ್ಲಿ ಮೊದಲು ಎಡ ಹಿಂಗಾಲು, ನಂತರ ಬಲ ಹಿಂಗಾಲು ಮತ್ತು ಎಡ ಮುಂಗಾಲು ಒಟ್ಟಿಗೆ, ಕೊನೆಗೆ ಬಲ ಮುಂಗಾಲು. ಆಮೇಲೆ ನಾಲ್ಕೂ ಕಾಲು ನೆಲ ಬಿಟ್ಟಿರುವ ಒಂದು ಕ್ಷಣ. ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತಿದ್ದ ಆಕೆ ಇದನ್ನು ಮೇಜಿನ ಮೇಲೆ ತಟ್ಟಿ ತೋರಿಸುತ್ತ ತಮಗರಿವಿಲ್ಲದೆಯೇ "ತಕಿಟ" ಎಂದರು. ಹಾಗೆಯೇ ಗಟ್ಟಿಯಾಗಿ ಹೇಳುತ್ತ ಓಡಿಸಿ ಎಂದೆ. ಮಾತನಾಡುವವರು ಉಸಿರು ಕಟ್ಟಿಕೊಂಡಿರಲಾರರು. ಐದು ತಕಿಟ ಆದ ಮೇಲೆ ಇಳಿಸಬೇಕು ಎಂಬ ಲೆಕ್ಕವೂ ಅದರಲ್ಲೇ ಸಿಗುತ್ತದೆ.

ಗಂಡ ದುಡ್ಡಿನ ಮಾತೆತ್ತಿದರು: ಇಷ್ಟು ಶುಲ್ಕ ಕೊಟ್ಟು ನಿಲ್ಲಿಸುವುದನ್ನು ಕಲಿಯಬೇಕೇ? ಶಿಕ್ಷಕರ ಆಕ್ಷೇಪಕ್ಕೆ ಹೆಚ್ಚು ತೂಕವಿತ್ತು. ಐದು ಹೆಜ್ಜೆಯಲ್ಲಿ ಸೊಂಟಕ್ಕೆ ಲಯ ಹತ್ತುವುದಿಲ್ಲ, ಒಂದೇ ಜಾಗದಲ್ಲಿ ಇಳಿಸುತ್ತ ಬಂದರೆ ಕುದುರೆ ಆ ಜಾಗವನ್ನು ಕಲಿತು ತಾನಾಗಿ ನಿಲ್ಲುತ್ತದೆ ಎಂದರು. ಎರಡನೆಯದು ಸರಿಯಾದ ಮಾತು. ಇಳಿಸುವ ಜಾಗವನ್ನು ಪ್ರತಿ ಸಲ ಬದಲಿಸುವ ಏರ್ಪಾಡು ಅವರದ್ದೇ.

ನನ್ನ ವೃತ್ತಿಯವರಿಂದಲೂ ಒಂದು ಪ್ರಶ್ನೆ ಬರಬಹುದು. ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಎದುರಿಸುವ ಕ್ರಮವನ್ನು ಮನೋವೈದ್ಯ ಜೋಸೆಫ್ ವೋಲ್ಪಿ 1958ರಲ್ಲೇ ವಿವರಿಸಿದ್ದಾರೆ. ಎದುರಿಸುವ ನಡುವೆ ಓಡಿಹೋದರೆ ಭಯ ಬಲಿಯುತ್ತದೆ ಎಂಬುದೂ ನಮ್ಮಲ್ಲಿ ಎಲ್ಲರಿಗೂ ತಿಳಿದದ್ದು. ಹಾಗಿದ್ದ ಮೇಲೆ ನಿಲ್ಲಿಸುವುದನ್ನು ಕಲಿಸುವುದು ಓಡಿಹೋಗುವುದನ್ನು ಕಲಿಸಿದಂತಲ್ಲವೇ? ನಿರ್ಧಾರ ಎಲ್ಲಿ ಆಗುತ್ತದೆ ಎಂಬುದರ ಮೇಲೆ ಇದರ ಉತ್ತರವಿದೆ. ಐದು ಹೆಜ್ಜೆ ಎಂದು ನೆಲದ ಮೇಲೆ ನಿಂತಿರುವಾಗಲೇ ತೀರ್ಮಾನಿಸಿ ಶಿಕ್ಷಕರಿಗೆ ಹೇಳಿಬಿಡಬೇಕು ಎಂಬುದು ನನ್ನ ಷರತ್ತಾಗಿತ್ತು. ಶಿಕ್ಷಕರು ಅಪಾಯ ಕಂಡು ನಿಲ್ಲಿಸಿದರೆ ಆ ಮಾತು ಬೇರೆ. ಬರೀ ಭಯವಾಯಿತೆಂದು ಮೂರನೆಯದಕ್ಕೆ ಇಳಿಸುವಂತಿಲ್ಲ. ಚೆನ್ನಾಗಿದೆ ಎಂದು ಎಂಟಕ್ಕೆ ಹೋಗುವಂತೆಯೂ ಇಲ್ಲ. ಈ ಎರಡನೆಯ ನಿಷೇಧವನ್ನು ಪಾಲಿಸುವುದು ಆಕೆಗೆ ಹೆಚ್ಚು ಕಷ್ಟವಾಯಿತು. ಒಳ್ಳೆಯ ದಿನದ ಉಬ್ಬಿನಲ್ಲಿ ಗಡಿ ದಾಟಿ, ಹೆದರಿ, ಮತ್ತೆ ಮೊದಲಿನಿಂದ ಆರಂಭಿಸಿದವರನ್ನು ನಾನು ಬಹಳ ನೋಡಿದ್ದೇನೆ. ಘಾಟಿಯ ತಿರುವಿಗೆ ಹೆದರುವವರಿಗೂ ಇದನ್ನೇ ಹೇಳುತ್ತೇನೆ: ಎಲ್ಲಿಯವರೆಗೆ ಓಡಿಸುತ್ತೀರಿ, ಎಲ್ಲಿ ಪಕ್ಕಕ್ಕೆ ನಿಲ್ಲಿಸುತ್ತೀರಿ ಎಂಬುದನ್ನು ಮನೆಯಲ್ಲೇ ಗೊತ್ತುಮಾಡಿಕೊಂಡು ಹೊರಡಿ.

ಧೈರ್ಯ ಬಂದಿದೆಯೇ ಎಂದು ನಾನು ಆಕೆಯನ್ನು ಒಮ್ಮೆಯೂ ಕೇಳಲಿಲ್ಲ. ಇಳಿಸಿದಿರಾ, ಹೇಳಿದ ಜಾಗದಲ್ಲೇ ಇಳಿಸಿದಿರಾ, ಎಷ್ಟನೆಯ ತಕಿಟಕ್ಕೆ ದನಿ ನಿಂತಿತು, ಇಷ್ಟನ್ನೇ ಕೇಳುತ್ತಿದ್ದೆ. ಮಂಡಿ ಸಡಿಲವಾಯಿತೆಂದು ಮೊದಲು ಗಮನಿಸಿದವರು ಶಿಕ್ಷಕರು. ಮಳೆಗಾಲದಲ್ಲಿ ಅಂಕಣ ಕೆಸರಾಗಿ ತರಗತಿ ನಿಂತಾಗ ಕಲಿತದ್ದೆಲ್ಲ ಹೋಗಿಬಿಡುತ್ತದೆ ಎಂದು ಆಕೆ ಚಡಪಡಿಸಿದರು. ಸ್ವಲ್ಪ ಹೋಯಿತು ಕೂಡ. ಬಿಸಿಲು ಬಂದ ಮೇಲೆ ಮತ್ತೆ ಐದರಿಂದಲೇ ಶುರುಮಾಡಿ ಮುಂದುವರಿಸಿದರು.

ಈಗ ಬಲ ಸುತ್ತಿನಲ್ಲಿ ಹಗ್ಗವಿಲ್ಲದೆ ಪೂರ್ತಿ ಸುತ್ತು ಓಡಿಸುತ್ತಾರೆ. ಬಿದ್ದದ್ದು ಎಡ ಸುತ್ತಿನಲ್ಲಿ, ಆ ಕಡೆ ಇನ್ನೂ ಹಗ್ಗ ಬೇಕು. ಮಗಳು ಅಡೆತಡೆ ಹಾರಿಸುವ ತರಗತಿಗೆ ಸೇರಿದ್ದಾಳೆ, ತಾಯಿ ಬೇಡ ಎಂದಿದ್ದಾರೆ. ಅದು ಭಯದಿಂದಲೋ ಇಷ್ಟವಿಲ್ಲದೆಯೋ ಎಂದು ಗಂಡ ನನಗೆ ಫೋನ್ ಮಾಡಿ ಕೇಳಿದರು. ಅವರನ್ನೇ ಕೇಳಿ ಎಂದೆ.