ಸರ್ಟಿಫಿಕೇಟು ಬಂತು, ಭಿನ್ನರಾಶಿ ಬರಲಿಲ್ಲ

(ದಾವಣಗೆರೆ ಜಿಲ್ಲೆಯ ಹಿರಿಯ ಪ್ರಾಥಮಿಕ ಶಾಲೆಯೊಂದರ ಗಣಿತ ಶಿಕ್ಷಕಿಯ ಪತ್ರದ ಸಾರ: ಆನ್‌ಲೈನ್ ತರಬೇತಿಗಳನ್ನು ಒಂದರ ಹಿಂದೆ ಒಂದು ಮುಗಿಸಿದ್ದೇನೆ. ವಿಡಿಯೊ ಓಡಲು ಬಿಟ್ಟು ಅಡುಗೆ ಮಾಡುವವರಿದ್ದಾರೆ. ಕ್ವಿಜ್‌ನ ಉತ್ತರ ವಾಟ್ಸಾಪ್‌ನಲ್ಲೇ ಬರುತ್ತದೆ. ನನ್ನ ಏಳನೇ ತರಗತಿಯಲ್ಲಿ ಮಾತ್ರ 1/2 ಮತ್ತು 1/3 ಕೂಡಿಸಿ 2/5 ಎಂದು ಬರೆಯುವವರೇ ಇವತ್ತಿಗೂ ಜಾಸ್ತಿ. ಗಣಿತ ಕಲಿಸುವವರಿಗೆ ಈ ತರಬೇತಿಗಳಿಂದ ನಿಜವಾಗಿ ಏನಾದರೂ ಆಗುತ್ತದಾ?)

ಮೇಡಂ, ನಮಸ್ಕಾರ.

ಆಗುತ್ತದೆ. ಆದರೆ ತರಬೇತಿಯಲ್ಲಿ ಗಣಿತ ಇರಬೇಕು, ಅಲ್ವಾ?

ಕೇಂದ್ರ ಸರ್ಕಾರ ಶಾಲಾ ಶಿಕ್ಷಕರಿಗೆಂದು ಶುರು ಮಾಡಿದ ನಿಷ್ಠಾ ತರಬೇತಿಯನ್ನೇ ನೋಡಿ. 2019ರಲ್ಲಿ ಶುರುವಾದಾಗ ಶಿಕ್ಷಕರು ಎದುರುಬದುರು ಕೂತು ಕಲಿಯುವ ತರಬೇತಿ ಅದು. ಕೊರೊನಾ ಬಂತು. 2020ರ ಅಕ್ಟೋಬರ್‌ನಲ್ಲಿ ಅದು ಸರ್ಕಾರದ ಆನ್‌ಲೈನ್ ಕಲಿಕೆಯ ದೀಕ್ಷಾ ಆ್ಯಪ್‌ಗೆ ಬಂತು. ಆಮೇಲೆ ಪ್ರೌಢಶಾಲೆಯವರಿಗೆಂದು ಬಂದ ನಿಷ್ಠಾ 2.0ದಲ್ಲಿ 13 ಕೋರ್ಸುಗಳಿದ್ದವು. 12 ಎಲ್ಲ ಶಿಕ್ಷಕರಿಗೂ ಸಾಮಾನ್ಯವಾದವು, ವಿಷಯ ಬೋಧನೆಯದು ಒಂದೇ ಒಂದು. ಆ 12 ಬೇಡ ಅಂತ ನಾನು ಹೇಳುತ್ತಿಲ್ಲ. ಮಕ್ಕಳ ಆರೋಗ್ಯ, ಸುರಕ್ಷತೆ, ಮೌಲ್ಯಮಾಪನ ಎಲ್ಲವೂ ಬೇಕು. ಆದರೆ ಅವನ್ನು ಮುಗಿಸಿದ ಮೇಲೂ ನಿಮ್ಮ ಭಿನ್ನರಾಶಿ ಅಲ್ಲೇ ಇದ್ದರೆ ಆಶ್ಚರ್ಯ ಏನಿದೆ?

ಈಗ ನಿಮ್ಮ 2/5ಕ್ಕೆ ಬರೋಣ. ನಿಮ್ಮ ಪತ್ರದಲ್ಲಿ ನನಗೆ ತುಂಬ ಹಿಡಿಸಿದ್ದು ಅದೇ.

ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿಸಿದೆ. ನಾವು ಕೆಂಪು ಪೆನ್ನಲ್ಲಿ ತಪ್ಪು ಹಾಕಿ, ‘ಲ.ಸಾ.ಅ. ತೆಗೆ, ಛೇದ ಸಮ ಮಾಡು’ ಎನ್ನುತ್ತೇವೆ. ಮಗು ಹಾಗೇ ಮಾಡುತ್ತದೆ, ಮುಂದಿನ ವಾರ ಮತ್ತೆ 2/5 ಬರೆಯುತ್ತದೆ. ಯಾಕೆಂದರೆ ಅದರ ಲೆಕ್ಕದಲ್ಲೂ ಒಂದು ಅರ್ಥ ಇದೆ. ಒಬ್ಬ ಹುಡುಗ ನಿನ್ನೆ 2 ಬಾಲಿಗೆ ಒಂದು ಫೋರ್ ಹೊಡೆದ, ಇವತ್ತು 3 ಬಾಲಿಗೆ ಒಂದು. ಒಟ್ಟು 5 ಬಾಲಿಗೆ 2 ಫೋರ್. ಇದು ಸರಿಯಾದ ಲೆಕ್ಕವೇ! ಆದರೆ ಇಲ್ಲಿ ‘ಇಡೀ’ ಎನ್ನುವುದು ದಿನಕ್ಕೊಂದು. ನಿನ್ನೆ 2 ಬಾಲು, ಇವತ್ತು 3. ಭಿನ್ನರಾಶಿ ಕೂಡುವಾಗ ಎರಡಕ್ಕೂ ‘ಇಡೀ’ ಒಂದೇ. ಈ ವ್ಯತ್ಯಾಸ ಮಗುವಿಗೆ ಯಾರೂ ತೋರಿಸಿರುವುದಿಲ್ಲ.

ತೋರಿಸುವುದಕ್ಕೆ 10 ಸೆಂಟಿಮೀಟರಿನ ಒಂದು ಕಾಗದದ ಪಟ್ಟಿ ಸಾಕು. ಅರ್ಧ ಅಂದರೆ 5 ಸೆಂ.ಮೀ. 2/5 ಅಂದರೆ 4 ಸೆಂ.ಮೀ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಯಿತಲ್ಲ, ಹೇಗೆ? ಈ ಪ್ರಶ್ನೆ ಕೇಳಿ ಸುಮ್ಮನಿದ್ದುಬಿಡಿ. ತರಗತಿಯಲ್ಲಿ ಜಗಳ ಶುರುವಾದರೆ ಪಾಠ ನಡೆಯುತ್ತಿದೆ ಅಂತಲೇ ಅರ್ಥ.

ಇಂಥ ತಿಳಿವಳಿಕೆ ಡಿಗ್ರಿಯಿಂದ ಬರುವುದಿಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿಯ ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಅಮೆರಿಕದ 23, ಚೀನಾದ 72 ಪ್ರಾಥಮಿಕ ಶಿಕ್ಷಕರ ಮುಂದೆ ಇಟ್ಟ ಪ್ರಶ್ನೆಗಳಲ್ಲಿ ಇದೂ ಒಂದು: ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ, ಅದಕ್ಕೊಂದು ಕಥೆಲೆಕ್ಕ ಕಟ್ಟಿ. ಅಮೆರಿಕದವರಲ್ಲಿ ಅರ್ಥಕ್ಕೆ ಸರಿಹೊಂದುವ ಕಥೆ ಕಟ್ಟಿದ್ದು ಒಬ್ಬರೇ. ಹಲವರು ‘ಅರ್ಧದಿಂದ ಭಾಗಿಸು’ ಎಂದದ್ದಕ್ಕೆ ಎರಡು ಪಾಲು ಮಾಡುವ ಕಥೆ ಹೇಳಿದರು. ಚೀನಾದವರಲ್ಲಿ ಹೆಚ್ಚಿನವರು ಸರಿಯಾಗಿಯೇ ಕಟ್ಟಿದರು. ತಮಾಷೆ ಎಂದರೆ, ಅಮೆರಿಕದವರು ಕಾಲೇಜು ಓದಿದವರು. ಚೀನಾದವರ ಓದು ಅದಕ್ಕಿಂತ ಕಡಿಮೆ. ಆದರೆ ಅವರು ಸಹೋದ್ಯೋಗಿಗಳ ಜೊತೆ ಕೂತು ಪಠ್ಯಪುಸ್ತಕವನ್ನೇ ಮತ್ತೆ ಮತ್ತೆ ಓದಿ ಚರ್ಚೆ ಮಾಡುವ ರೂಢಿ ಇಟ್ಟುಕೊಂಡವರು. (ಒಂದೂ ಮುಕ್ಕಾಲು ಲೀಟರ್ ಎಣ್ಣೆ ಎಷ್ಟು ಅರ್ಧ ಲೀಟರ್ ಬಾಟಲಿಗೆ ಆಗುತ್ತದೆ? ಮೂರೂವರೆ. ನಿಮ್ಮ ಸ್ಟಾಫ್ ರೂಮಿನಲ್ಲೂ ಒಮ್ಮೆ ಕೇಳಿ ನೋಡಿ.)

ಹೀಗೆ ಕೂತು ಮಾತಾಡುವುದು ಆನ್‌ಲೈನ್‌ನಲ್ಲಿ ಆಗುವುದಿಲ್ಲ ಅಂತ ಏನಿಲ್ಲ. ನಮ್ಮಲ್ಲೇ 2011ರ ಸುಮಾರಿಗೆ ಡಿಎಸ್‌ಇಆರ್‌ಟಿ (ಶಿಕ್ಷಕರ ತರಬೇತಿ ನೋಡಿಕೊಳ್ಳುವ ರಾಜ್ಯದ ಇಲಾಖೆ) ಮತ್ತು ಐಟಿ ಫಾರ್ ಚೇಂಜ್ ಎಂಬ ಸ್ವಯಂಸೇವಾ ಸಂಸ್ಥೆ ಸೇರಿ ಪ್ರೌಢಶಾಲೆಯವರಿಗೆ ವಿಷಯ ಶಿಕ್ಷಕರ ವೇದಿಕೆ ಶುರು ಮಾಡಿದವು. ಮೊದಲು ಕಾರ್ಯಾಗಾರದಲ್ಲಿ ಮುಖ ನೋಡಿ ಪರಿಚಯ, ಆಮೇಲೆ ಇಮೇಲ್‌ನಲ್ಲಿ ಪ್ರಶ್ನೆ, ಉತ್ತರ, ಪಾಠದ ಸಾಮಗ್ರಿ. ಗಣಿತದ ಚಿತ್ರ ಬರೆದು ತೋರಿಸುವ ಜಿಯೋಜೀಬ್ರಾದಂಥ ಉಚಿತ ತಂತ್ರಾಂಶವನ್ನು ಎಷ್ಟೋ ಮೇಷ್ಟ್ರುಗಳು ಕಲಿತದ್ದು ಹೀಗೇ. ಮುಖಪರಿಚಯ ಇದ್ದವರ ಮುಂದೆ ‘ಇದು ನನಗೆ ಗೊತ್ತಿಲ್ಲ’ ಎನ್ನುವುದು ಸುಲಭ. ಸಾವಿರಾರು ಜನ ಒಟ್ಟಿಗೆ ನೋಡುವ ವಿಡಿಯೊದ ಎದುರು ಹಾಗೆ ಹೇಳಲು ಜಾಗವೇ ಇರುವುದಿಲ್ಲ.

ನೀವು ಮಾಡಬಹುದಾದ್ದು ಇಷ್ಟು. ನಿಮ್ಮ ಕ್ಲಸ್ಟರಿನ (ಅಕ್ಕಪಕ್ಕದ ಶಾಲೆಗಳ ಗುಂಪಿನ) ಸಮಾಲೋಚನಾ ಸಭೆಯಲ್ಲಿ ಸಿಗುವ ಗಣಿತದವರಲ್ಲಿ ನಾಲ್ಕೈದು ಜನರನ್ನು ಹಿಡಿದುಕೊಳ್ಳಿ. ಬೇರೆಯೇ ಒಂದು ವಾಟ್ಸಾಪ್ ಗುಂಪು ಮಾಡಿ. ವಾರಕ್ಕೊಬ್ಬರು ಒಂದು ಮಗುವಿನ ನೋಟ್‌ಬುಕ್ಕಿನ ತಪ್ಪು ಲೆಕ್ಕದ ಫೋಟೊ ಹಾಕಲಿ. ಸರಿ ಉತ್ತರ ಯಾರೂ ಹೇಳುವುದು ಬೇಡ, ಎಲ್ಲರಿಗೂ ಗೊತ್ತೇ ಇರುತ್ತದೆ. ಮಗು ಏನು ಯೋಚಿಸಿರಬಹುದು, ನಾಳೆ ಅದಕ್ಕೆ ಏನು ಕೇಳಬೇಕು, ಈ ಎರಡೇ ಮಾತು. ಕೇಳಿ ನೋಡಿದ ಮೇಲೆ ಏನಾಯಿತು ಎಂದು ಗುಂಪಿಗೆ ತಿಳಿಸಬೇಕು. ಈ ಕೊನೆಯ ಹೆಜ್ಜೆ ಬಿಟ್ಟರೆ ಉಳಿಯುವುದು ಹರಟೆ. ನೆಟ್‌ವರ್ಕ್ ಸರಿ ಇಲ್ಲದ ಊರಲ್ಲೂ ಒಂದು ಫೋಟೊ, ಒಂದು ವಾಯ್ಸ್ ಮೆಸೇಜ್ ಹೇಗೋ ಹೋಗುತ್ತದೆ.

ಕಡ್ಡಾಯದ ಕೋರ್ಸುಗಳನ್ನು ಮುಗಿಸಿಬಿಡಿ, ಅದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ 2020ರ ರಾಷ್ಟ್ರೀಯ ಶಿಕ್ಷಣ ನೀತಿ ಶಿಕ್ಷಕರು ವರ್ಷಕ್ಕೆ ಕನಿಷ್ಠ 50 ಗಂಟೆ ಕಲಿಯಬೇಕು ಎನ್ನುವಾಗ, ಅದು ಅವರವರ ಆಸಕ್ತಿಯಂತೆ ನಡೆಯಬೇಕು ಎಂದೂ ಸೇರಿಸಿದೆ. ಗುಂಪಿನ ಬಗ್ಗೆ ಯಾರಾದರೂ ತಕರಾರು ತೆಗೆದರೆ ಆ ಸಾಲನ್ನು ತೋರಿಸಿ.

ಇನ್ನೊಂದು. ಫೋಟೊದಲ್ಲಿ ಮಗುವಿನ ಹೆಸರು ಕಾಣಬಾರದು. ಗುಡ್ ಮಾರ್ನಿಂಗ್ ಎಂದು ಗುಲಾಬಿ ಹೂವು ಕಳಿಸುವವರಿಗೆ ಮೊದಲ ವಾರವೇ ಹೇಳಿಬಿಡಿ, ಇಲ್ಲದಿದ್ದರೆ ಭಿನ್ನರಾಶಿ ಹುಡುಕಲು ಹೂದೋಟ ದಾಟಿ ಹೋಗಬೇಕಾಗುತ್ತದೆ.

— ಸಂಪಾದಕ